ಸುಳ್ಳಾಡದ ಇಟ್ಟಿಗೆ: ಮಿನಿಯಾಪೊಲಿಸಿನ ಕ್ರೈಸ್ಟ್ ಚರ್ಚ್ ಲೂಥರನ್ ಸಭೆಯೂ ಅದರ ದೇವಾಲಯವೂ

1950ರ ಜುಲೈ 1ರಂದು ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ತೀರಿಕೊಂಡಾಗ ಅವರಿಗೆ 76 ವರ್ಷ. ಹೆಲ್ಸಿಂಕಿಯ ರೈಲು ನಿಲ್ದಾಣವನ್ನು ರೂಪಿಸಿದವರು ಅವರು. 1922ರಲ್ಲಿ ಶಿಕಾಗೋದ ಟ್ರಿಬ್ಯೂನ್ ಗೋಪುರದ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದರೂ ಮೊದಲನೆಯದಕ್ಕಿಂತ ಹೆಚ್ಚು ಪ್ರಭಾವ ಬೀರಿದ ನಕ್ಷೆ ಅವರದು. ಮಿಷಿಗನ್ ರಾಜ್ಯದ ಕ್ರಾನ್‌ಬ್ರೂಕ್ ಕಲಾ ಅಕಾಡೆಮಿಯನ್ನು ಕಟ್ಟಿ ಬೆಳೆಸಿದ ಗುರುವೂ ಅವರೇ. ಇಂಥ ಒಬ್ಬರ ಕೊನೆಯ ಪೂರ್ಣಕೃತಿಯಾಗಿ ಉಳಿದದ್ದು ಅರಮನೆಯೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದಲ್ಲಿ, ಸಾಧಾರಣ ಮನೆಗಳ ಸಾಲಿನ ನಡುವೆ, ಹೆಚ್ಚು ಹಣವಿಲ್ಲದ ಒಂದು ಲೂಥರನ್ ಸಭೆಗಾಗಿ 1949ರಲ್ಲಿ ಪೂರ್ಣಗೊಂಡ ದೇವಾಲಯ. ಈ ಕಟ್ಟಡದ ಚರಿತ್ರೆ ವಾಸ್ತುಶಿಲ್ಪದ ಗ್ರಂಥಗಳಲ್ಲಿ ಆಗಲೇ ದಾಖಲಾಗಿದೆ. ಅಲ್ಲಿ ಸಭೆಯ ಮಾತು ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಸಭಾಸೇವೆಗೆ ಸಿದ್ಧರಾಗುತ್ತಿರುವವರು ಅದನ್ನು ಇನ್ನೊಂದು ಬಾಗಿಲಿನಿಂದ ಪ್ರವೇಶಿಸಬೇಕಾಗಿದೆ.

ಲೂಥರನ್ ದೇವಾಲಯ ಹೇಗಿರಬೇಕು ಎಂಬ ಪ್ರಶ್ನೆಗೆ ನಾಲ್ಕು ಶತಮಾನಗಳ ಇತಿಹಾಸವಿದೆ. 1544ರ ಅಕ್ಟೋಬರ್ 5ರಂದು ಟೋರ್ಗೌ ಕೋಟೆಯ ಹೊಸ ಪ್ರಾರ್ಥನಾಮಂದಿರವನ್ನು ಪ್ರತಿಷ್ಠಿಸುವಾಗ ಮಾರ್ಟಿನ್ ಲೂಥರನು, ಈ ಮನೆಯಲ್ಲಿ ನಡೆಯಬೇಕಾದದ್ದು ಎರಡೇ ಎಂದು ಬೋಧಿಸಿದನು: ಕರ್ತನು ತನ್ನ ವಾಕ್ಯದ ಮೂಲಕ ನಮ್ಮೊಡನೆ ಮಾತನಾಡುವುದು, ನಾವು ಪ್ರಾರ್ಥನೆ ಸ್ತೋತ್ರಗಳ ಮೂಲಕ ಆತನಿಗೆ ಉತ್ತರ ಕೊಡುವುದು. ಅಗತ್ಯಬಿದ್ದರೆ ಹೊರಗೆ ಬಾವಿಯ ಬಳಿಯಲ್ಲಿ ನಿಂತೂ ಪ್ರಸಂಗ ಮಾಡಬಹುದೆಂದು ಅದೇ ಪ್ರಸಂಗದಲ್ಲಿ ಹೇಳಿದ್ದಾನೆ. ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ ಏಳನೆಯ ಪ್ರಕರಣವು ಸುವಾರ್ತೆಯ ಶುದ್ಧಬೋಧನೆ ಮತ್ತು ಸಂಸ್ಕಾರಗಳ ಯುಕ್ತವಾದ ನೆರವೇರಿಕೆ ಇದ್ದರೆ ಸಭೆಯ ಐಕ್ಯಕ್ಕೆ ಅಷ್ಟು ಸಾಕು, ಮನುಷ್ಯಕಲ್ಪಿತ ಆಚರಣೆಗಳು ಎಲ್ಲೆಡೆಯೂ ಏಕರೂಪವಾಗಿರಬೇಕಾಗಿಲ್ಲ ಎನ್ನುತ್ತದೆ. ಹಾಗಾದರೆ ಕಮಾನು ಚೂಪೋ ಗುಂಡೋ ಎಂಬುದು ರಕ್ಷಣೆಗೆ ಸಂಬಂಧಪಡದ, ಕ್ರೈಸ್ತ ಸ್ವಾತಂತ್ರ್ಯಕ್ಕೆ ಬಿಟ್ಟ ವಿಷಯ.

ತತ್ತ್ವ ಹೀಗಿದ್ದರೂ ನಡವಳಿಕೆ ಬೇರೆ ದಾರಿ ಹಿಡಿಯಿತು. 1861ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಒಪ್ಪಿಗೆಯಾದ ನಿಯಮಾವಳಿಯು ಪ್ರಾಚೀನ ಬೆಸಿಲಿಕ, ರೋಮನೆಸ್ಕ್, ಗಾಥಿಕ್ ಈ ಐತಿಹಾಸಿಕ ಶೈಲಿಗಳಿಗೇ ಮನ್ನಣೆ ಕೊಟ್ಟಿತು. ದೇವಾಲಯವು ಮೊದಲಿಗೆ ಸಭೆ ಕೂಡುವ ಮನೆಯೆಂದು 1891ರ ವೀಸ್‌ಬಾಡೆನ್ ಕಾರ್ಯಸೂಚಿ ಪ್ರತಿವಾದ ಹೂಡಿತು. ಆದರೂ ಜನಮನದಲ್ಲಿ ಗೆದ್ದದ್ದು ಗಾಥಿಕ್ ಶೈಲಿಯೇ. ಸಮುದ್ರ ದಾಟಿ ಅಮೆರಿಕೆಗೆ ಹೋದ ಲೂಥರನ್ನರು ಆ ಶೈಲಿಯನ್ನು ತಮ್ಮ ಗಂಟಿನಲ್ಲಿಯೇ ಕಟ್ಟಿಕೊಂಡು ಹೋದರು. 1847ರಲ್ಲಿ ಜರ್ಮನ್ ವಲಸಿಗರು ಸ್ಥಾಪಿಸಿದ ಮಿಸ್ಸೂರಿ ಸಿನೋಡ್ ಮೊದಲ ಮಹಾಯುದ್ಧದ ಒತ್ತಡಕ್ಕೆ ಸಿಕ್ಕಿ ಜರ್ಮನ್ ಭಾಷೆಯನ್ನು ಒಂದೆರಡು ತಲೆಮಾರಿನೊಳಗೆ ಬಿಟ್ಟುಕೊಟ್ಟಿತು. ಭಾಷೆ ಹೋದಮೇಲೆ ಚೂಪು ಕಮಾನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿತೆಂದು ನನ್ನ ಅನಿಸಿಕೆ. ಇದೇ ಸಿನೋಡಿನ ಮಿಷನೆರಿಗಳಾದ ನೇಥರ್ ಮತ್ತು ಮೋನ್ 1895ರಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿಗೆ ಬಂದು ಸೇವೆ ಆರಂಭಿಸಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ನಮ್ಮ ಊರುಗಳಲ್ಲಿಯೂ ಕಿಟಕಿಯ ತಲೆ ಚೂಪಾಗಿರದಿದ್ದರೆ ಅದನ್ನು ದೇವಾಲಯವೆಂದು ಒಪ್ಪಲು ಹಿಂದೆಗೆಯುವ ಹಿರಿಯರು ಇಲ್ಲದಿಲ್ಲ.

ಕ್ರೈಸ್ಟ್ ಚರ್ಚ್ ಸಭೆಯು 1911ರಲ್ಲಿ ಈ ಸಿನೋಡಿನ ಸುವಾರ್ತಾಸೇವೆಯ ಫಲವಾಗಿ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇದ್ದ ಚಿಕ್ಕ ಕಟ್ಟಡ ಸಾಲದಾಯಿತು. ಸಭಿಕರ ಮನಸ್ಸಿನಲ್ಲಿ ಮೊದಲು ಇದ್ದದ್ದು ಸಾಂಪ್ರದಾಯಿಕ ಶೈಲಿಯ ದೇವಾಲಯವೇ. ಕೆತ್ತಿದ ಕಲ್ಲು, ಆನಿಕೆ ಕಂಬ, ಎತ್ತರದ ಮಾಡು, ಬಣ್ಣದ ಗಾಜು ಇವೆಲ್ಲಕ್ಕೂ ಯುದ್ಧಾನಂತರದ ದಿನಗಳ ಬೆಲೆ ಕೇಳಿದಾಗ ಅದು ಅವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಅಂಥ ಸಂದರ್ಭದಲ್ಲಿ ಅನೇಕ ಸಭೆಗಳು ಹಿಡಿಯುವ ದಾರಿ ಒಂದಿದೆ: ಕಲ್ಲಿನ ಬದಲಿಗೆ ಗಾರೆ ಬಳಿದು ಕಲ್ಲಿನಂತೆ ಗೆರೆ ಎಳೆಯುವುದು, ಮರದ ತೊಲೆಯಂತೆ ಕಾಣುವ ಪೊಳ್ಳು ಪೆಟ್ಟಿಗೆಗಳನ್ನು ಮಾಡಿಗೆ ಅಂಟಿಸುವುದು. ಸಭಾಪಾಲಕ ವಿಲಿಯಂ ಬ್ಯೂಗೆ ಅವರು ಈ ದಾರಿಯನ್ನು ಒಪ್ಪಲಿಲ್ಲ. ಸತ್ಯವನ್ನು ಸಾರುವ ಮನೆಯಲ್ಲಿ ಸಾಮಗ್ರಿಯೇ ಸುಳ್ಳಾಡಬಾರದೆಂಬ ನಿಲುವು ಅವರದು. ಆಗ ಅಮೆರಿಕದ ವಾಸ್ತುಶಿಲ್ಪದಲ್ಲಿ ಅತ್ಯಂತ ಗೌರವಾನ್ವಿತರಾಗಿದ್ದ ಸಾರಿನೆನ್ನರಿಗೆ ಅವರು ನೇರವಾಗಿ ಬರೆದರು. ಸಾರಿನೆನ್ ಒಪ್ಪಿದರು.

ಈ ಒಪ್ಪಿಗೆಯ ಹಿಂದೆ ಒಂದು ಬಾಲ್ಯವಿದೆ. ಎಲಿಯೆಲ್ ಹುಟ್ಟಿದ್ದು 1873ರಲ್ಲಿ, ಫಿನ್ಲೆಂಡಿನ ರಾಂಟಾಸಾಲ್ಮಿಯಲ್ಲಿ. ತಂದೆ ಯೂಹೊ ಸಾರಿನೆನ್ ಲೂಥರನ್ ಬೋಧಕರು. ಸೇಂಟ್ ಪೀಟರ್ಸ್‌ಬರ್ಗಿನ ಸಮೀಪದ ಇಂಗ್ರಿಯಾ ಪ್ರಾಂತದಲ್ಲಿ, ರಷ್ಯನ್ ಆರ್ಥಡಾಕ್ಸ್ ಸಮುದ್ರದ ನಡುವೆ ದ್ವೀಪದಂತಿದ್ದ ಫಿನ್ನಿಷ್ ಭಾಷೆಯ ಸಭೆಗಳಲ್ಲಿ ಸೇವೆಮಾಡಿದವರು. ಬೋಧಕರ ಮನೆಯಲ್ಲಿ ಬೆಳೆದ ಹುಡುಗ ಪೀಟರ್ಸ್‌ಬರ್ಗಿಗೆ ಹೋಗಿ ಹರ್ಮಿಟೇಜ್ ಚಿತ್ರಶಾಲೆಯನ್ನು ನೋಡುತ್ತಿದ್ದ. ಒಂದು ಕಡೆ ಬಡ ಸಭೆಯ ಬೋಳು ಗೋಡೆ, ಇನ್ನೊಂದು ಕಡೆ ಯುರೋಪಿನ ಶ್ರೇಷ್ಠ ಚಿತ್ರಗಳು. ಮುಂದೆ ಎಸ್ಟೋನಿಯಾದ ತಾರ್ತುವಿನಲ್ಲಿ ಸಂತ ಪೌಲನ ಹೆಸರಿನ ಲೂಥರನ್ ದೇವಾಲಯವನ್ನು ಅವರು ರೂಪಿಸಿದರು. ಕೆಂಪು ಇಟ್ಟಿಗೆಯ ಆ ಕಟ್ಟಡ 1917ರಲ್ಲಿ ಎದ್ದು ನಿಂತಿತು, 1944ರ ಯುದ್ಧದಲ್ಲಿ ಸುಟ್ಟುಹೋಯಿತು. ಬ್ಯೂಗೆ ಅವರ ಪತ್ರ ಕೈಸೇರಿದ್ದು ಅದು ಪಾಳುಬಿದ್ದಿದ್ದ ವರ್ಷಗಳಲ್ಲಿಯೇ.

ಅಮೆರಿಕದಲ್ಲಿ ಅವರು ಅದಕ್ಕೆ ಮೊದಲು ಇನ್ನೊಂದು ಹೆಸರಾಂತ ದೇವಾಲಯವನ್ನು ಕಟ್ಟಿದ್ದರು. ಇಂಡಿಯಾನ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಡಿಸೈಪಲ್ಸ್ ಪಂಗಡಕ್ಕಾಗಿ 1942ರಲ್ಲಿ ಮುಗಿದ ಅದರ ಗೋಪುರ 166 ಅಡಿ ಎತ್ತರ. ಹಿಂದೆ ನಿಂತದ್ದು ಸಿರಿವಂತ ಉದ್ಯಮಿ ಕುಟುಂಬ. ಮಿನಿಯಾಪೊಲಿಸಿನ ಗೋಪುರ 88 ಅಡಿ. ಸಂಖ್ಯೆಗಳೇ ಎರಡು ಸಭೆಗಳ ಹಣದ ಚೀಲವನ್ನು ಹೇಳುತ್ತವೆ. ಆದರೆ ಎರಡನ್ನೂ ಹೋಲಿಸಿದ ಹಲವರಿಗೆ ಚಿಕ್ಕದೇ ಹೆಚ್ಚು ಪಕ್ವವಾಗಿ ಕಂಡಿದೆ. ನನಗೂ ಹಾಗೆಯೇ ತೋರುತ್ತದೆ. ಇಲ್ಲದಿರುವಿಕೆಯು ಕೆಲವೊಮ್ಮೆ ವಾಸ್ತುಶಿಲ್ಪಿಗೆ ಒಳ್ಳೆಯ ಉಪಾಧ್ಯಾಯ.

ಹೊರಗಿನಿಂದ ನೋಡುವವರಿಗೆ ಅಲ್ಲಿ ಕಾಣುವುದು ತಿಳಿಬಣ್ಣದ ಇಟ್ಟಿಗೆ ಮತ್ತು ಮಿನೆಸೋಟದ್ದೇ ಆದ ಕಲ್ಲಿನ ಒಂದು ಸರಳ ಆಯತ, ಅದರ ಪಕ್ಕದಲ್ಲಿ ನಿರಾಭರಣವಾದ ಗಂಟೆಗೋಪುರ. ಮುಖಭಾಗದ ಕಲ್ಲಿನಲ್ಲಿ ಶಿಲ್ಪಿ ವಿಲಿಯಂ ಮೆಕ್‌ವೇ ಕೆತ್ತಿದ ಉಬ್ಬುಶಿಲ್ಪಗಳಿವೆ. ನಂಬಿಕೆ, ನಿರೀಕ್ಷೆ, ಪ್ರೀತಿಗಳು ಅಲ್ಲಿ ರೂಪ ತಳೆದಿವೆ. ಅಲಂಕಾರವೆಂದರೆ ಬಹುಮಟ್ಟಿಗೆ ಅಷ್ಟೇ. ಕಾರ್ಖಾನೆಯೋ ದೇವಾಲಯವೋ ಎಂದು ಮೂಗು ಮುರಿಯುವವರಿಗೆ ಇಂಥ ಕಟ್ಟಡಗಳು ಎಲ್ಲ ಕಾಲದಲ್ಲಿಯೂ ಅವಕಾಶ ಕೊಟ್ಟಿವೆ.

ಒಳಗೆ ಹೋದಾಗ ಮಾತು ಬದಲಾಗುತ್ತದೆ. ಮೊದಲು ಕಿವಿಯ ವಿಚಾರ. ಒಂದಕ್ಕೊಂದು ಸಮಾನಾಂತರವಾದ ಎರಡು ಗಟ್ಟಿ ಗೋಡೆಗಳ ನಡುವೆ ಧ್ವನಿಯು ಚೆಂಡಿನಂತೆ ಹಿಂದಕ್ಕೂ ಮುಂದಕ್ಕೂ ಪುಟಿದು, ಪ್ರಸಂಗಿಯ ಒಂದು ಪದ ಇನ್ನೊಂದರ ಮೇಲೆ ಹತ್ತಿಕೊಳ್ಳುತ್ತದೆ. ದೊಡ್ಡ ಕಾಂಕ್ರೀಟ್ ಹಾಲುಗಳಲ್ಲಿ ಪ್ರಸಂಗ ಮಾಡಿದ ಯಾವ ಬೋಧಕರಿಗೂ ಇದನ್ನು ವಿವರಿಸಬೇಕಾಗಿಲ್ಲ. ಮಿನಿಯಾಪೊಲಿಸಿನಲ್ಲಿ ಸಾರಿನೆನ್ನರು ಎದುರುಬದುರಾದ ಮೇಲ್ಮೈಗಳನ್ನು ಸಮಾನಾಂತರವಾಗಿ ಇರಗೊಡಲಿಲ್ಲ. ಇಟ್ಟಿಗೆಯ ಗೋಡೆ ಮೃದುವಾಗಿ ಅಲೆಯಂತೆ ಬಾಗುತ್ತದೆ, ಚಾವಣಿ ಓರೆಯಾಗಿ ಇಳಿಯುತ್ತದೆ. ಇದರಿಂದ ಧ್ವನಿ ಒಂದೇ ಕಡೆ ಪ್ರತಿಧ್ವನಿಸದೆ ಚದುರಿ ಇಡೀ ಸಭೆಯನ್ನು ಸಮನಾಗಿ ತಲುಪುತ್ತದೆ. ಕಣ್ಣಿಗೆ ಈ ಓರೆತನ ತಟ್ಟನೆ ತಿಳಿಯುವುದಿಲ್ಲ. ಒಳಗಿನ ನೆಮ್ಮದಿಯಷ್ಟೇ ತಿಳಿಯುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಮೇಲಿನ ತನ್ನ ಉಪನ್ಯಾಸಗಳಲ್ಲಿ ಲೂಥರನು ಕ್ರೈಸ್ತನಿಗೆ ಬೇಕಾದ ಅಂಗ ಕಿವಿಯೊಂದೇ ಎಂಬ ಅರ್ಥದಲ್ಲಿ ಕಲಿಸಿದ್ದನ್ನು ಬಲ್ಲವರಿಗೆ, ಗೋಡೆಯ ಆ ಬಾಗು ಕೇವಲ ಸೊಗಸಲ್ಲವೆಂಬುದು ಸ್ಪಷ್ಟ. ನಂಬಿಕೆ ಕೇಳುವಿಕೆಯಿಂದ ಬರುವುದಾದರೆ, ಕೇಳಿಸದ ದೇವಾಲಯವು ಎಷ್ಟೇ ಸುಂದರವಾಗಿದ್ದರೂ ತನ್ನ ಮೊದಲ ಕರ್ತವ್ಯದಲ್ಲಿ ಸೋತಂತೆಯೇ. ಸಭೆಯ ಗಾಯನವೂ ಅಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಟೋರ್ಗೌವಿನ ಪ್ರಸಂಗದ ಎರಡೂ ಭಾಗಗಳು, ಕರ್ತನ ಮಾತು ಮತ್ತು ಸಭೆಯ ಮರುಮಾತು, ಆ ಗೋಡೆಯಲ್ಲಿ ಲೆಕ್ಕಹಾಕಿದಂತೆ ಕುಳಿತಿವೆ.

ಎರಡನೆಯದು ಬೆಳಕು. ಯಜ್ಞವೇದಿಯ ಹಿಂದಿನ ಬಿಳಿ ಇಟ್ಟಿಗೆಯ ಗೋಡೆ ಸಮತಟ್ಟಾಗಿಲ್ಲ, ಒಂದು ಬದಿಯಲ್ಲಿ ಬಾಗಿದೆ. ನೆಲದಿಂದ ಮಾಡಿನವರೆಗೆ ಏರಿದ ಒಂದು ಉದ್ದ ಕಿಟಕಿ ಪಕ್ಕದಲ್ಲಿದ್ದರೂ ಬೆಂಚುಗಳಲ್ಲಿ ಕುಳಿತವರಿಗೆ ಅದು ಕಾಣುವುದಿಲ್ಲ. ಅವರಿಗೆ ಕಾಣುವುದು ಗೋಡೆಯ ಮೇಲೆ ಹರಿದ ಹಗಲಿನ ಬೆಳಕು, ತೆಳುವಾದ ಒಂದು ಲೋಹದ ಶಿಲುಬೆ, ಆ ಶಿಲುಬೆಯ ನೆರಳು. ಮೋಡ ಬಂದರೆ ನೆರಳು ಮಾಸುತ್ತದೆ, ಬಿಸಿಲೇರಿದಂತೆ ಜಾಗ ಬದಲಿಸುತ್ತದೆ. ಆರಾಧನೆಯ ಆರಂಭದ ಗೋಡೆ ಆಶೀರ್ವಚನದ ಹೊತ್ತಿಗೆ ಬೇರೆಯೇ ಆಗಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಸಾಮಗ್ರಿ ಸುಳ್ಳಾಡಬಾರದೆಂದು ಹಟ ಹಿಡಿದ ಕಟ್ಟಡದಲ್ಲಿ ಬೆಳಕಿನ ಮೂಲವನ್ನೇ ಬಚ್ಚಿಟ್ಟರೆ ಅದು ರಂಗಭೂಮಿಯ ಉಪಾಯವಲ್ಲವೇ? ರೋಮಿನ ಕೊರ್ನಾರೊ ಪ್ರಾರ್ಥನಾಲಯದಲ್ಲಿ ಸಂತ ತೆರೇಸಳ ಪ್ರತಿಮೆಯ ಮೇಲೆ ಬೆಳಕು ಸುರಿಯಲು ಬೆರ್ನಿನಿ ಮಾಡಿದ್ದೂ ಇದನ್ನೇ. ಬರೋಕ್ ಯುಗದ ಆ ವೈಭವವನ್ನು ಪ್ರೊಟೆಸ್ಟಂಟ್ ಟೀಕಾಕಾರರು ಬಹುಕಾಲ ನಾಟಕೀಯವೆಂದು ಹಳಿದಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಎರಡರ ನಡುವೆ ಅಂತರವಿದೆಯೆಂದು ನಾನು ವಾದಿಸುತ್ತೇನೆ. ಬೆರ್ನಿನಿಯಲ್ಲಿ ಕಲ್ಲು ಮಾಂಸವಾಗಿ, ಮೋಡವಾಗಿ, ಚಿನ್ನದ ಕಿರಣವಾಗಿ ನಟಿಸುತ್ತದೆ. ಸಾರಿನೆನ್ನರಲ್ಲಿ ಇಟ್ಟಿಗೆ ಇಟ್ಟಿಗೆಯಾಗಿಯೇ ಉಳಿಯುತ್ತದೆ, ಬೆಳಕು ಮಿನೆಸೋಟದ ಆ ದಿನದ ಹವೆಗೆ ಅಧೀನವಾದ ಬೆಳಕಾಗಿಯೇ ಬರುತ್ತದೆ. ಕಿಟಕಿಯನ್ನು ಮರೆಮಾಡಿದ್ದಕ್ಕೆ ಒಂದು ಸಾದಾ ಕಾರಣವೂ ಇದೆ: ಪ್ರಸಂಗಿಯ ಹಿಂದೆ ನೇರವಾಗಿ ಕಣ್ಣಿಗೆ ಹೊಡೆಯುವ ಕಿಟಕಿ ಇದ್ದರೆ ಅವನ ಮುಖ ಕಪ್ಪಾಗಿ ಕಾಣುತ್ತದೆ. ಮರೆಯಾದ ಈ ಕಿಟಕಿಯಲ್ಲಿ ಕೆಲವರು ಲೂಥರನ ಮರೆಯಾಗಿರುವ ದೇವರ ಕುರಿತ ಬೋಧನೆಯನ್ನೇ ಓದಬಯಸಬಹುದು. ಪ್ರಸಂಗಕ್ಕೆ ಅದು ಒಳ್ಳೆಯ ದೃಷ್ಟಾಂತವಾದೀತು. ಚರಿತ್ರೆಯ ಪ್ರಬಂಧದಲ್ಲಿ ಅಷ್ಟು ದೂರ ಹೋಗುವುದು ಬೇಡ.

ಇನ್ನೊಂದು ಆಕ್ಷೇಪ ಆರಾಧನಾಶಾಸ್ತ್ರದ್ದು. ಕಟ್ಟಡ ಹೊಸದಾದರೂ ಒಳಗಿನ ವಿನ್ಯಾಸ ಹಳೆಯದೇ: ಉದ್ದನೆಯ ಸಭಾಂಗಣ, ಸಾಲುಬೆಂಚುಗಳು, ದೂರದ ತುದಿಯಲ್ಲಿ ವೇದಿ. ಸಭೆಯು ಕರ್ತನ ಮೇಜಿನ ಸುತ್ತಲೂ ನೆರೆಯಬೇಕೆಂಬ ವಿಚಾರವನ್ನು ಜರ್ಮನಿಯಲ್ಲಿ ಓಟ್ಟೊ ಬಾರ್ಟ್ನಿಂಗರಂಥ ಪ್ರೊಟೆಸ್ಟಂಟ್ ವಾಸ್ತುಶಿಲ್ಪಿಗಳು ಆಗಲೇ ಪ್ರಯೋಗಕ್ಕೆ ತಂದಿದ್ದರು. ಮಿನಿಯಾಪೊಲಿಸಿನಲ್ಲಿ ಇಟ್ಟಿಗೆ ಏರುತ್ತಿದ್ದ ಅದೇ ವರ್ಷಗಳಲ್ಲಿ ಬಾರ್ಟ್ನಿಂಗ್ ಬಾಂಬುಬಿದ್ದ ಜರ್ಮನ್ ನಗರಗಳಲ್ಲಿ ತುರ್ತು ದೇವಾಲಯಗಳನ್ನು ಎಬ್ಬಿಸುತ್ತಿದ್ದರು. ಮೊದಲೇ ಸಿದ್ಧಪಡಿಸಿದ ಮರದ ಚೌಕಟ್ಟು ಹೊರಗಿನ ಸಭೆಗಳ ನೆರವಿನಿಂದ ಬರುತ್ತಿತ್ತು. ಗೋಡೆಗಳನ್ನು ಸ್ಥಳೀಯ ಸಭಿಕರು ಹಾಳುಬಿದ್ದ ಕಟ್ಟಡಗಳ ಕಲ್ಲುಗಳಿಂದ ತಾವೇ ಕಟ್ಟಿಕೊಳ್ಳುತ್ತಿದ್ದರು. ಇಂಥ ನಲವತ್ತಕ್ಕೂ ಹೆಚ್ಚು ದೇವಾಲಯಗಳು ಎದ್ದವು. 1947ರಲ್ಲಿ ಲುಂಡ್‌ನಲ್ಲಿ ಹುಟ್ಟಿದ ಲೂಥರನ್ ವಿಶ್ವ ಒಕ್ಕೂಟದ ಮೊದಲ ಕೆಲಸಗಳಲ್ಲಿ ಇಂಥ ಪುನರ್ನಿರ್ಮಾಣವೂ ಒಂದಾಗಿತ್ತು. ಪ್ರಾಮಾಣಿಕ ಸಾಮಗ್ರಿಯೆಂಬುದು ಮಿನಿಯಾಪೊಲಿಸಿನಲ್ಲಿ ಒಂದು ಆಯ್ಕೆ. ಹಾಳುಕಲ್ಲನ್ನೇ ಎತ್ತಿಟ್ಟ ಜರ್ಮನಿಯಲ್ಲಿ ಅದು ಅನಿವಾರ್ಯತೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಆ ದಶಕದ ಲೂಥರನ್ ದೇವಾಲಯಗಳ ಬಗ್ಗೆ ಬರೆಯುವವರು ಅರ್ಧ ಚರಿತ್ರೆಯನ್ನೇ ಬರೆಯುತ್ತಾರೆ.

ವಿನ್ಯಾಸ ಹಳೆಯದೆಂಬ ಟೀಕೆಗೆ ನಾನು ಕೊಡುವ ಉತ್ತರ ಸರಳವಾದದ್ದು. ಬ್ಯೂಗೆ ಅವರ ಸಭಿಕರು ಆಧುನಿಕ ಕಲೆಯ ಪ್ರಚಾರಕರಾಗಿರಲಿಲ್ಲ. ಅವರು ತಮ್ಮ ಆರಾಧನಾಕ್ರಮವನ್ನು ಬಿಡದೆ ಕಟ್ಟಡವನ್ನು ಮಾತ್ರ ಹೊಸದಾಗಿ ಸ್ವೀಕರಿಸಿದರು. ಕಮಾನುಗಳನ್ನು ಬಿಟ್ಟುಕೊಡುವಂತೆ ಕೇಳಿದ ದಿನವೇ ಬೆಂಚುಗಳ ದಿಕ್ಕನ್ನೂ ಬದಲಿಸಲು ಕೇಳಿದ್ದರೆ ಆ ಕಟ್ಟಡ ಕಾಗದದ ಮೇಲೆಯೇ ಉಳಿಯುತ್ತಿತ್ತೇನೋ. ಸಭೆಯನ್ನು ಜೊತೆಗೆ ಕರೆದುಕೊಂಡು ಹೋದ ಸಭಾಪಾಲಕರ ಈ ತಾಳ್ಮೆಗೆ ವಾಸ್ತುಶಿಲ್ಪದ ಪ್ರಶಸ್ತಿಗಳಲ್ಲಿ ಪಾಲು ಸಿಗುವುದಿಲ್ಲ.

ಮುಂದಿನ ಅಧ್ಯಾಯ ಮಗನದು. ಏರೋ ಸಾರಿನೆನ್ ತಂದೆಯ ಹುಟ್ಟುಹಬ್ಬದಂದೇ, ಅಂದರೆ ಆಗಸ್ಟ್ 20ರಂದು, 1910ರಲ್ಲಿ ಜನಿಸಿದವರು. ಸೇಂಟ್ ಲೂಯಿಸಿನ ಮಹಾಕಮಾನಿನಿಂದ ಲೋಕಪ್ರಸಿದ್ಧರಾದವರು. ಲೂಥರನ್ ಸೆಮಿನರಿಗಳ ಚರಿತ್ರೆಯಲ್ಲಿಯೂ ಅವರ ಹೆಸರಿದೆ: ಇಂಡಿಯಾನದ ಫೋರ್ಟ್ ವೇನ್‌ನಲ್ಲಿ ಮಿಸ್ಸೂರಿ ಸಿನೋಡಿನ ಕಾನ್ಕಾರ್ಡಿಯ ಸೀನಿಯರ್ ಕಾಲೇಜಿಗಾಗಿ, ಕಡಿದಾದ ಮಾಡಿನ ಮನೆಗಳು ಒಂದು ಎತ್ತರದ ಪ್ರಾರ್ಥನಾಲಯದ ಸುತ್ತ ನೆರೆದ ಉತ್ತರ ಯುರೋಪಿನ ಹಳ್ಳಿಯಂತಹ ಆವರಣವನ್ನು ಅವರು 1950ರ ದಶಕದಲ್ಲಿ ನಿರ್ಮಿಸಿದರು. ಮಿನಿಯಾಪೊಲಿಸಿನ ಸಭೆಗೆ ಭಾನುವಾರ ಶಾಲೆಯ ತರಗತಿಗಳೂ ಕೂಟಗಳ ಸಭಾಂಗಣವೂ ಬೇಕಾದಾಗ ಅವರನ್ನೇ ಕೇಳಿಕೊಂಡರು. ಆಗ ಅವರು ತಮ್ಮ ಖ್ಯಾತಿಯ ತುತ್ತತುದಿಯಲ್ಲಿದ್ದರು. ಬಯಸಿದ್ದರೆ ತಂದೆಯ ಕೆಲಸದ ಪಕ್ಕದಲ್ಲಿ ತಮ್ಮ ಗುರುತನ್ನು ಎದ್ದುಕಾಣುವಂತೆ ನಿಲ್ಲಿಸಬಹುದಾಗಿತ್ತು. ಅವರು ಕಟ್ಟಿದ್ದು ಅದೇ ಬಗೆಯ ಇಟ್ಟಿಗೆಯ ತಗ್ಗಾದ ಕಟ್ಟಡ. ನಡುವೆ ಒಂದು ಅಂಗಳ ಬಿಟ್ಟು, ದೇವಾಲಯಕ್ಕಿಂತ ತಲೆ ಎತ್ತದೆ ಅದು ಕುಳಿತಿದೆ. ಅದು ಮುಗಿದದ್ದು 1962ರಲ್ಲಿ. ಏರೋ ಅದನ್ನು ನೋಡಲಿಲ್ಲ. 1961ರ ಸೆಪ್ಟೆಂಬರ್ 1ರಂದು, 51ನೆಯ ವಯಸ್ಸಿನಲ್ಲಿ, ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅವರು ತೀರಿಕೊಂಡರು.

ಗೌರವಗಳು ತಡವಾಗಿ, ಆದರೆ ಒಂದರ ಮೇಲೊಂದು ಬಂದವು. 1977ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಕಾಲದ ಪರೀಕ್ಷೆಯಲ್ಲಿ ಗೆದ್ದ ಕಟ್ಟಡಗಳಿಗೆ ಕೊಡುವ ಇಪ್ಪತ್ತೈದು ವರ್ಷಗಳ ಪ್ರಶಸ್ತಿಯನ್ನು ಕೊಟ್ಟಿತು. 2009ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿತವಾಯಿತು. ಈ ನಡುವೆ ಅದರ ಮಾತೃ ಸಿನೋಡ್ ಶಾಸ್ತ್ರವಾಕ್ಯದ ಅಧಿಕಾರದ ಕುರಿತ ವಿವಾದದಲ್ಲಿ ಬಿರುಕುಬಿಟ್ಟಿತು. 1974ರಲ್ಲಿ ಸೇಂಟ್ ಲೂಯಿಸಿನ ಕಾನ್ಕಾರ್ಡಿಯ ಸೆಮಿನರಿಯ ಬಹುತೇಕ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೊರನಡೆದರು. ಕ್ರೈಸ್ಟ್ ಚರ್ಚ್ ಸಭೆ ಇಂದು 1988ರಲ್ಲಿ ರೂಪುಗೊಂಡ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆಗೆ ಸೇರಿದೆ. ಕಟ್ಟಡ ಅಲುಗದೆ ನಿಂತಿತು, ಅದರ ಬಾಗಿಲ ಮೇಲಿನ ಸಿನೋಡಿನ ಹೆಸರು ಬದಲಾಯಿತು.

ಹೆಗ್ಗುರುತಾಗುವುದು ಹೊರೆಯೂ ಹೌದು. ಅಂಥ ಕಟ್ಟಡದ ಮಾಡು ಸೋರಿದರೆ ಸಿಕ್ಕಿದ ತಗಡು ಹೊದಿಸುವಂತಿಲ್ಲ. ಬೆಂಚು, ದೀಪ, ಬಣ್ಣ ಎಲ್ಲಕ್ಕೂ ತಜ್ಞರನ್ನು ಕೇಳಬೇಕು. ಕಡಿಮೆ ವೆಚ್ಚವಾಗಲೆಂದು ಕಟ್ಟಿದ ದೇವಾಲಯವೇ ಈಗ ಕಾಪಾಡಲು ದುಬಾರಿ. ಸಭೆಯ ಕಾಣಿಕೆಯಲ್ಲಿ ಎಷ್ಟು ಪಾಲು ಇಟ್ಟಿಗೆಗೆ, ಎಷ್ಟು ಪಾಲು ಬಡವರಿಗೆ ಎಂಬ ಪ್ರಶ್ನೆ ಪ್ರತಿ ವರ್ಷದ ಆಯವ್ಯಯದಲ್ಲಿಯೂ ಎದ್ದುನಿಲ್ಲುವಂಥದು. ಕಟ್ಟಡದ ಸಂರಕ್ಷಣೆಗಾಗಿಯೇ ಹಿತೈಷಿಗಳ ಪ್ರತ್ಯೇಕ ಸಂಘವೊಂದನ್ನು ಕಟ್ಟಿಕೊಂಡಿರುವುದು ಈ ಇಕ್ಕಟ್ಟಿಗೆ ಅಲ್ಲಿನವರು ಕಂಡುಕೊಂಡ ದಾರಿ. ಆ ಸಂಘ ನಿಧಿ ಸಂಗ್ರಹಿಸುತ್ತದೆ, ವಾಸ್ತುಶಿಲ್ಪದ ಆಸಕ್ತರನ್ನು ಬರಮಾಡಿಕೊಳ್ಳುತ್ತದೆ. ಈ ವಿಭಜನೆ ವಿವೇಕದ್ದೆಂದು ನಾನು ಭಾವಿಸುತ್ತೇನೆ, ಏಕೆಂದರೆ ನೋಡಲು ಬಂದವನ ಹಣ ಗೋಡೆಗೆ ಹೋಗುವುದರಲ್ಲಿ ಅನ್ಯಾಯವಿಲ್ಲ.

ಇದು ಎಲ್ಲೆಡೆಯೂ ಹೀಗೆ ನಡೆದಿಲ್ಲ. ಕೊಲಂಬಸ್ ಪಟ್ಟಣದಲ್ಲಿ ಏರೋ ಅವರು ನಾರ್ತ್ ಕ್ರಿಶ್ಚಿಯನ್ ಚರ್ಚ್ ಎಂಬ ಡಿಸೈಪಲ್ಸ್ ಸಭೆಗಾಗಿ ರೂಪಿಸಿದ ದೇವಾಲಯ 1964ರಲ್ಲಿ ಮುಗಿಯಿತು. ಮಿನಿಯಾಪೊಲಿಸಿನ ವಿನ್ಯಾಸದ ಮೇಲಿನ ಆಕ್ಷೇಪಕ್ಕೆ ಉತ್ತರವೋ ಎಂಬಂತೆ ಅಲ್ಲಿ ಕರ್ತನ ಮೇಜು ನಟ್ಟನಡುವೆ, ಜನ ಅದರ ಸುತ್ತ. ಆಕಾಶಕ್ಕೆ ಚುಚ್ಚಿದ ಅದರ ಶಿಖರವನ್ನು ಜಗತ್ತಿನೆಲ್ಲೆಡೆಯ ವಾಸ್ತುಶಿಲ್ಪದ ಪುಸ್ತಕಗಳು ಅಚ್ಚುಹಾಕಿವೆ. ಆದರೆ ಸಭಿಕರು ಕ್ರಮೇಣ ಕಡಿಮೆಯಾದರು, 2022ರಲ್ಲಿ ಸಭೆಯೇ ವಿಸರ್ಜನೆಯಾಯಿತು, ಕಟ್ಟಡ ಸಾರ್ವಜನಿಕ ಗ್ರಂಥಾಲಯದ ಕೈಸೇರಿತು. ಗ್ರಂಥಾಲಯ ಒಳ್ಳೆಯದೇ, ಕೆಡವುವುದಕ್ಕಿಂತ ನೂರು ಪಾಲು ಮೇಲು. ಮೇಜನ್ನು ನಡುವೆ ಇಟ್ಟ ಮಾತ್ರಕ್ಕೆ ಅದರ ಸುತ್ತ ಜನ ಉಳಿಯುವರೆಂದು ಯಾವ ಆರಾಧನಾಶಾಸ್ತ್ರವೂ ಭರವಸೆ ಕೊಡಲಾರದು.

ಮಿನಿಯಾಪೊಲಿಸಿನಲ್ಲಿ ಭಾನುವಾರದ ಆರಾಧನೆ ಅದೇ ಬಾಗಿದ ಗೋಡೆಯ ಮುಂದೆ ಈಗಲೂ ನಡೆಯುತ್ತಿದೆ. ಸಾರಿನೆನ್ನರ ಇನ್ನೊಂದು ಲೂಥರನ್ ದೇವಾಲಯದ ಮಾತು ಹೇಳಿ ಮುಗಿಸಬೇಕು. ತಾರ್ತುವಿನ ಸಂತ ಪೌಲನ ದೇವಾಲಯದ ಒಂದು ಭಾಗವನ್ನು ಸೋವಿಯತ್ ಆಡಳಿತ ಉಗ್ರಾಣವಾಗಿ ಬಳಸಿತು. ಉಳಿದ ಭಾಗದಲ್ಲಿ ಸಭೆ ಹೇಗೋ ಕೂಡುತ್ತ ಬಂದಿತು. ದೀರ್ಘ ದುರಸ್ತಿಯ ಬಳಿಕ 2015ರಲ್ಲಿ ಅದು ಮತ್ತೆ ಪೂರ್ಣ ದೇವಾಲಯವಾಗಿ ಪ್ರತಿಷ್ಠಿತವಾಯಿತು.